ಸಿರುಗುಪ್ಪದ ವಿಜಯಲಕ್ಷ್ಮಿ ಕಡಲ ಕಾವಲಿಗೆ ಹೋದದ್ದು

ಸಿರುಗುಪ್ಪದ ಮೈಲಾರಪ್ಪನ ಮಗಳು ವಿಜಯಲಕ್ಷ್ಮಿಗೆ ಜನ ಅಂದರೆ ತಾತ್ಸಾರ. ದ್ವೇಷವೆನ್ನುವ ಹಾಗಿಲ್ಲ, ದ್ವೇಷಿಸಬೇಕಾದರೆ ಎದುರಿಗಿರುವವರಿಗೆ ಒಂದಿಷ್ಟಾದರೂ ತೂಕವಿರಬೇಕು ಎಂದು ಅವಳ ಎಣಿಕೆ. ಯಾರಾದರೂ ಅವಳೆದುರು ಮಾತು ತೆಗೆದರೆ, ಎರಡನೇ ಮಾತು ಮುಗಿಯುವುದರೊಳಗೆ ಅವಳ ಮೇಲ್ದುಟಿಯ ಎಡತುದಿ ಕೊಂಚ ಮೇಲಕ್ಕೇಳುತ್ತಿತ್ತು. ಇದು ಅವಳಿಗೆ ಗೊತ್ತಿರಲಿಲ್ಲ. ಮಾತಾಡುವವರಿಗೆ ಚೆನ್ನಾಗಿ ಗೊತ್ತಾಗುತ್ತಿತ್ತು.

ಮೈಲಾರಪ್ಪ ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿ. ಹಮಾಲರನ್ನು ಕೂಡಿಸುವುದು, ಲಾರಿಗೆ ಚೀಲ ಹೇರಿಸುವುದು, ಮಾಲೀಕರು ಬಂದರೆ ಕೂತಲ್ಲಿಂದ ಏಳುವುದು ಅವನ ಕೆಲಸ. ಈ ಕೊನೆಯದನ್ನು ಮಗಳಿಗೆ ನೋಡಲಾಗುತ್ತಿರಲಿಲ್ಲ. ಮಾಲೀಕರ ಮಗ, ಎಸ್ಸೆಸ್ಸೆಲ್ಸಿಯಲ್ಲಿ ಇವಳ ಹಿಂದಿನ ಬೆಂಚಿನಲ್ಲಿ ಕೂತು ಇವಳ ಉತ್ತರ ಪತ್ರಿಕೆಗೆ ಕತ್ತು ಚಾಚುತ್ತಿದ್ದವನು, ಬಂದರೂ ಅಪ್ಪ ಏಳುತ್ತಿದ್ದ. ತಾಯಿ ದುರುಗಮ್ಮ ಮನೆಯಲ್ಲೇ ರವಿಕೆ ಹೊಲಿಯುವವಳು. ಅಳತೆ ಕೊಡಲು ಬಂದವರ ಹತ್ತಿರ ಊರಿನ ಸುದ್ದಿಯನ್ನೆಲ್ಲ ಬಿಡಿಸಿಕೊಂಡು, ರಾತ್ರಿ ಊಟಕ್ಕೆ ಬಡಿಸುತ್ತಿದ್ದಳು. ಯಾರ ಮನೆಯ ಸೊಸೆ ತವರಿಗೆ ಹೋದಳು, ಯಾರು ಹೊಸ ಟ್ರ್ಯಾಕ್ಟರ್ ತಂದರು. ವಿಜಯಲಕ್ಷ್ಮಿ ಮುದ್ದೆ ಮುರಿಯುತ್ತ, ಇಂಥ ಸುದ್ದಿಯನ್ನು ಹೊಟ್ಟೆಗಾದರೂ ಹೇಗೆ ಇಳಿಸುತ್ತಾರೋ ಅಂದುಕೊಳ್ಳುತ್ತಿದ್ದಳು.

ಬಳ್ಳಾರಿಯಲ್ಲಿ ಬಿಎಸ್ಸಿ ಓದಲು ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಕೊನೆಯ ವರ್ಷಕ್ಕೆ ಬಂದಾಗ ಇಡೀ ತರಗತಿಗೆ ಒಂದೇ ಜ್ವರ ಹತ್ತಿತು. ಪಿಎಸ್‌ಐ, ಪಿಡಿಒ, ಎಫ್‌ಡಿಎ. ಎಲ್ಲರ ಕೈಯಲ್ಲೂ ಒಂದೇ ಹಸಿರು ರಟ್ಟಿನ ಸಾಮಾನ್ಯ ಜ್ಞಾನದ ಪುಸ್ತಕ, ಎಲ್ಲರ ಬಾಯಲ್ಲೂ ಅದೇ ನದಿಗಳ ಉದ್ದ, ಅದೇ ರಾಜರ ಹೆಸರು. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಹುಡುಗನೊಬ್ಬ ಮೊಬೈಲಿನಲ್ಲಿ ಕೋಸ್ಟ್ ಗಾರ್ಡ್ ಅಧಿಕಾರಿಗಳ ನೇಮಕದ ಪ್ರಕಟಣೆ ನೋಡಿ ಬಿದ್ದು ಬಿದ್ದು ನಕ್ಕ. “ಬಳ್ಳಾರಿಗೆ ಎಲ್ಲಿಂದ ಬಂತಲೇ ಸಮುದ್ರ? ಯಾವನು ಹಾಕ್ತಾನ ಇದನ್ನ?” ಸುತ್ತಲಿದ್ದವರೂ ನಕ್ಕರು.

ಅದೇ ಸಂಜೆ ವಿಜಯಲಕ್ಷ್ಮಿ ಅರ್ಜಿ ಹಾಕಿದಳು.

ಕಡಲಿನ ಮೇಲಿನ ಪ್ರೀತಿಯಿಂದ ಹಾಕಿದ್ದಲ್ಲ. ಕಡಲನ್ನು ಅವಳು ನೋಡಿಯೇ ಇರಲಿಲ್ಲ. ಕಡಲಿನ ಬಗ್ಗೆ ಅವಳಿಗೆ ಗೌರವ ಹುಟ್ಟಲು ಒಂದೇ ಕಾರಣವಿತ್ತು: ಅವಳಿಗೆ ಗೊತ್ತಿದ್ದವರು ಯಾರೂ ಅಲ್ಲಿರಲಿಲ್ಲ.

ಸುದ್ದಿ ಕುರುಗೋಡಿಗೆ ಮುಟ್ಟಿತು. ಅಲ್ಲಿ ಮೈಲಾರಪ್ಪನ ಅಕ್ಕ ಹನುಮಮ್ಮ ಇದ್ದಳು, ಅವಳ ಮಗ ಹುಲುಗೇಶ ಇದ್ದ. ಅತ್ತೆಯ ಮಗನೆಂದ ಮೇಲೆ ವಿಜಯಲಕ್ಷ್ಮಿಯನ್ನು ಅವನಿಗೇ ಕೊಡುವುದು ಎಂದು ಇವಳು ಲಂಗ ಹಾಕುತ್ತಿದ್ದಾಗಲೇ ಎರಡೂ ಮನೆಯವರು ಮಾತಾಡಿಕೊಂಡಿದ್ದರು. ಹುಲುಗೇಶ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಕೂರುತ್ತಿದ್ದ. ಉಳಿದ ಹೊತ್ತಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು, ಬೇರೆಯವರ ಕಾರಿಗೆ ಒರಗಿ ವಿಡಿಯೋ ಮಾಡಿ ಹಾಕುತ್ತಿದ್ದ. ಅಮಾವಾಸ್ಯೆಯ ಊಟಕ್ಕೆ ಹೋದಾಗ ಹನುಮಮ್ಮ ಹೋಳಿಗೆ ಬಡಿಸುತ್ತ ಕೇಳಿದಳು.

“ಕೋಸ್ಟ್ ಗಾರ್ಡ್ ಅಂದ್ರ ಏನವ್ವಾ, ಮೀನ ಹಿಡಿಯೋದಾ?”

“ಮೀನ ಹಿಡಿಯೋರನ್ನ ಕಾಯೋದು ಅತ್ತಿ.”

“ಕಾಯಾಕ ಮನ್ಯಾಗ ಏನೂ ಇಲ್ಲೇನು?”

ಹುಲುಗೇಶ ತಿಳಿದವನ ಹಾಗೆ ತಲೆಯಾಡಿಸಿದ. “ನಾನೂ ಮಿಲಿಟ್ರಿಗೆ ಟ್ರೈ ಮಾಡಿ ಬಿಟ್ಟೀನಿ ವಿಜಿ. ನಮ್ಮ ಕಡಿಯೋರಿಗೆ ಅದು ಆಗಿಬರಲ್ಲ. ಊಟ ಸರಿ ಇರಲ್ಲ, ಹವಾ ಸರಿ ಇರಲ್ಲ.”

“ಮೈದಾನದಾಗ ಒಂದು ಸುತ್ತು ಓಡಿ ಕುಂತುಬಿಟ್ಟಿದ್ದಿ ಅಂತ ಕೇಳಿದ್ದೆ. ಊಟದ ತನಕ ಎಲ್ಲಿ ಮುಟ್ಟಿದ್ದಿ ನೀನು?”

ಹನುಮಮ್ಮ ತುಪ್ಪದ ಗಿಂಡಿಯನ್ನು ವಿಜಯಲಕ್ಷ್ಮಿಯ ಎಲೆ ದಾಟಿಸಿ ಮುಂದಿನವರಿಗೆ ಕೊಟ್ಟಳು. ಬಸ್ಸಿನಲ್ಲಿ ಹಿಂದಿರುಗುವಾಗ ದುರುಗಮ್ಮ ದಾರಿಯುದ್ದಕ್ಕೂ ಒಂದೇ ಸಮನೆ ಬೈದಳು. “ನಿಂದು ಬಾಯಲ್ಲ, ಕತ್ತರಿ. ಯಾರು ಮಾಡ್ಕೊಂತಾರ ನಿನ್ನ?” ಮೈಲಾರಪ್ಪ ಮಾತ್ರ, “ಹೋಗ್ಲಿ ಬಿಡು, ಬರದು ನೋಡ್ಲಿ. ಆಗಲಿಲ್ಲಂದ್ರ ತಾನಾ ಸುಮ್ಮನಾಗ್ತಾಳ,” ಅಂದ. ಅಪ್ಪ ತನ್ನ ಪರವಾಗಿ ಮಾತಾಡಿದ್ದಕ್ಕಿಂತ, ಆಗುವುದಿಲ್ಲವೆಂದು ಅವನೂ ನಂಬಿಕೊಂಡಿದ್ದಾನೆಂಬುದು ಮಗಳಿಗೆ ಹೆಚ್ಚು ನಾಟಿತು.

ತಯಾರಿಗೆಂದು ಬಳ್ಳಾರಿಯ ಕೌಲ್ ಬಜಾರಿನ ಅಕಾಡೆಮಿಯೊಂದಕ್ಕೆ ಸೇರಿದಳು. ಟೈರ್ ಅಂಗಡಿಯ ಮೇಲಿನ ಮಹಡಿ. ಕೆಳಗೆ ಪಂಕ್ಚರ್ ಹಾಕುವವರು ಸುತ್ತಿಗೆ ಬಡಿಯುತ್ತಿದ್ದರೆ ಮೇಲೆ ದೇಶಭಕ್ತಿಯ ಪಾಠ. ಅದರ ಒಡೆಯ ಸುಭಾಷ್, ಎಲ್ಲರ ಬಾಯಲ್ಲೂ ಮೇಜರ್ ಸಾಹೇಬರು. ಕಾಲೇಜಿನಲ್ಲಿ ಎನ್‌ಸಿಸಿ ಮಾಡಿದ್ದು ಬಿಟ್ಟರೆ ಯಾವ ಸೇನೆಯ ಬಾಗಿಲನ್ನೂ ಅವರು ಹೊಕ್ಕಿರಲಿಲ್ಲ. ಆದರೆ ಹಸಿರು ಮಚ್ಚೆಯ ಪ್ಯಾಂಟು, ಕೆಂಪು ಟೋಪಿ, ಸದಾ ಕೈಯಲ್ಲೊಂದು ಬೆತ್ತ ಇರುತ್ತಿದ್ದವು. ಬೆಳಗ್ಗೆ ಹುಡುಗರು ಮೈದಾನ ಸುತ್ತುವಾಗ ಇವರು ಸ್ಕೂಟರಿನ ಮೇಲೆ ಅವರ ಹಿಂದೆ ಹೋಗುತ್ತ, “ಇನ್ನೂ ಜೋರು, ಇನ್ನೂ ಜೋರು,” ಎನ್ನುತ್ತಿದ್ದರು. ಗೋಡೆಯ ಮೇಲೆ ಟ್ಯಾಂಕು, ಯುದ್ಧವಿಮಾನ, ಹುಲಿಯ ಚಿತ್ರಗಳು. ನೌಕಾಪಡೆ ಎಂದು ಬರೆದ ಜಾಗದಲ್ಲಿ ಪ್ರವಾಸಿಗರ ದೊಡ್ಡ ಹಡಗಿನ ಚಿತ್ರ ಅಂಟಿಸಿದ್ದರು. ಅದರ ಮೇಲ್ಮಹಡಿಯಲ್ಲಿ ಚಡ್ಡಿ ಹಾಕಿದವರು ಬಣ್ಣದ ಕೊಡೆಗಳ ಕೆಳಗೆ ಮಲಗಿದ್ದರು. ಇಷ್ಟು ವರ್ಷ ಇಷ್ಟು ಹುಡುಗರು ಇದರ ಎದುರು ನಿಂತು ಸೆಲ್ಯೂಟ್ ಹೊಡೆದಿದ್ದಾರಲ್ಲ ಎಂದು ವಿಜಯಲಕ್ಷ್ಮಿಗೆ ಮೊದಲ ದಿನವೇ ನಗು ಬಂತು.

ಸುಭಾಷ್ ಅವಳ ಅರ್ಜಿಯ ವಿಷಯ ಕೇಳಿ ಕುರ್ಚಿಗೆ ಒರಗಿದರು. “ಹೆಣ್ಮಕ್ಳಿಗೆ ನಮ್ಮಲ್ಲಿ ಪೊಲೀಸ್ ಬ್ಯಾಚ್ ಐತಿ, ಅದಕ್ಕ ಕುಂದ್ರಮ್ಮ. ಸಮುದ್ರ ಅಂದ್ರ ಹುಡುಗಾಟ ಅಲ್ಲ. ಅಲೆ ಎದ್ರ ಗಂಡಸ್ರೇ ವಾಂತಿ ಮಾಡ್ಕೊಂತಾರ.”

“ನೀವು ಯಾವ ಸಮುದ್ರದಾಗ ಮಾಡ್ಕೊಂಡಿದ್ರಿ ಸರ್?”

ಹುಡುಗರೆಲ್ಲ ತಲೆ ತಗ್ಗಿಸಿ ಪುಸ್ತಕದೊಳಗೆ ನಕ್ಕರು. ಸುಭಾಷ್ ಬೆತ್ತವನ್ನು ಮೇಜಿನ ಮೇಲಿಟ್ಟರು. “ಬುದ್ಧಿ ಐತಿ ನಿನಗ. ಆದ್ರ ಇಷ್ಟು ಆ್ಯಟಿಟ್ಯೂಡ್ ಇದ್ರ ಡಿಫೆನ್ಸ್‌ನಾಗ ಆಗಲ್ಲಮ್ಮ.”

ಈ ಬೊಗಳೆ ಮನುಷ್ಯನಿಂದ ತನಗೆ ಉಪದೇಶ ಬೇರೆ ಎಂದುಕೊಂಡು ಅವಳು ಕಿಟಕಿಯ ಪಕ್ಕದ ಬೆಂಚಿಗೆ ಹೋಗಿ ಕೂತಳು. ಪಾಠ ಕೇಳಲಿಲ್ಲ, ತಾನೇ ಓದಿಕೊಂಡಳು. ಅಕಾಡೆಮಿಯಿಂದ ಅವಳಿಗೆ ಸಿಕ್ಕ ಒಂದೇ ಲಾಭವೆಂದರೆ ಓಡಲು ಒಂದು ಮೈದಾನ, ಜೊತೆಗೆ ಕಾವೇರಿ.

ಕಾವೇರಿ ತೆಕ್ಕಲಕೋಟೆಯವಳು, ಬೇರೆ ಕಾಲೇಜಿನಲ್ಲಿ ಬಿಎಸ್ಸಿ ಮಾಡಿದವಳು. ಗುಂಡು ಮುಖ, ಎಣ್ಣೆ ಹಚ್ಚಿ ಬಿಗಿದ ಜಡೆ, ಯಾರು ಏನು ಹೇಳಿದರೂ “ಹೌದಾ” ಎಂದು ಕಣ್ಣರಳಿಸುವ ಸ್ವಭಾವ. ಇವಳೂ ಅದೇ ಅರ್ಜಿ ಹಾಕಿದ್ದಳು. ಅವಳು ಸುಭಾಷರ ಪಾಠವನ್ನೂ ಕಣ್ಣು ಬಿಟ್ಟು ಕೇಳುತ್ತಿದ್ದಳು. ಟೈರ್ ಅಂಗಡಿಯವನ ಮಗಳಿಗೆ ಜ್ವರ ಬಂದದ್ದನ್ನೂ ಹಾಗೇ ಕೇಳುತ್ತಿದ್ದಳು. ಬೆಳಗಿನ ಓಟ ಮುಗಿದ ಮೇಲೆ ಮಿರ್ಚಿ, ಮಂಡಕ್ಕಿ ಒಗ್ಗರಣೆ ತಂದು ಎಲ್ಲರಿಗೂ ಹಂಚುತ್ತಿದ್ದಳು. ಎಮ್ಮೆ ನೀರಿಗಿಳಿದಷ್ಟು ನೆಮ್ಮದಿಯಾಗಿ ಬದುಕುವ ಈ ಹುಡುಗಿ ಯಾವ ಪರೀಕ್ಷೆ ಪಾಸಾಗುತ್ತಾಳೆ ಎಂದು ವಿಜಯಲಕ್ಷ್ಮಿ ಅವಳ ಒಗ್ಗರಣೆ ತಿನ್ನುತ್ತಲೇ ಅಂದುಕೊಳ್ಳುತ್ತಿದ್ದಳು.

ಹುಬ್ಬಳ್ಳಿಯಲ್ಲಿ ಕಂಪ್ಯೂಟರಿನ ಮೇಲೆ ನಡೆದ ಪರೀಕ್ಷೆಯಲ್ಲಿ ಇಬ್ಬರೂ ಪಾಸಾದರು. ಮುಂದಿನ ಆಯ್ಕೆ ಮಂಡಳಿ ಚೆನ್ನೈಯಲ್ಲಿ. ಮೈಲಾರಪ್ಪ ಇಬ್ಬರನ್ನೂ ರೈಲಿನಲ್ಲಿ ಕರೆದುಕೊಂಡು ಹೋದ. ಗೇಟಿನ ಹೊರಗೆ ಚೀಲಗಳನ್ನು ಕಾಯುತ್ತ ಕೂತು, ಒಳಗಿನಿಂದ ಯಾರು ಸಮವಸ್ತ್ರದಲ್ಲಿ ಬಂದರೂ, ಚಹಾ ತರುವವನು ಬಂದರೂ, ಎದ್ದು ನಿಲ್ಲುತ್ತಿದ್ದ. ವಿಜಯಲಕ್ಷ್ಮಿ ತಿರುಗಿ ನೋಡದೆ ಒಳಗೆ ಹೋದಳು.

ಅಲ್ಲಿನ ಪರೀಕ್ಷೆ ವಿಚಿತ್ರವಾಗಿತ್ತು. ಪರದೆಯ ಮೇಲೆ ಮಸುಕಾದ ಚಿತ್ರವೊಂದನ್ನು ಸ್ವಲ್ಪ ಹೊತ್ತು ತೋರಿಸಿದರು. ನೀರಿನ ದಡ, ಕೆಲವು ಜನ, ಒಬ್ಬ ಬಾಗಿ ನಿಂತಿದ್ದಾನೆ. ಅದನ್ನು ನೋಡಿ ಕತೆ ಬರೆಯಬೇಕು, ಆಮೇಲೆ ಗುಂಪಾಗಿ ಕೂತು ಚರ್ಚಿಸಿ ಎಲ್ಲರೂ ಒಪ್ಪುವ ಒಂದು ಕತೆಗೆ ಬರಬೇಕು. ಚರ್ಚೆ ಶುರುವಾದದ್ದೇ ತಡ, ಬಳ್ಳಾರಿ ಬಸ್ ನಿಲ್ದಾಣದಲ್ಲಿ ಇಳಿದ ಪ್ರಯಾಣಿಕರನ್ನು ಆಟೋದವರು ಮುತ್ತಿಕೊಳ್ಳುವ ಹಾಗೆ ಎಲ್ಲರೂ ಒಟ್ಟಿಗೆ ಅರಚತೊಡಗಿದರು. ವಿಜಯಲಕ್ಷ್ಮಿ ಅವರು ದಣಿಯುವವರೆಗೆ ಕಾದಳು. ಆಮೇಲೆ ಒಬ್ಬೊಬ್ಬರ ಕತೆಯಲ್ಲಿಯೂ ಎಲ್ಲಿ ತೂತಿದೆಯೆಂದು ಸ್ವಚ್ಛವಾದ ಇಂಗ್ಲಿಷಿನಲ್ಲಿ ತೋರಿಸಿದಳು. ಅವಳು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಕೋಣೆ ಮೌನವಾಯಿತು, ಅದನ್ನು ಅವಳು ಗೆಲುವೆಂದು ತಿಳಿದಳು. ಆ ಮೌನದಲ್ಲಿ ಕಾವೇರಿ ತನ್ನ ಹರಕು ಮುರುಕು ಇಂಗ್ಲಿಷಿನಲ್ಲಿ, ಮೂಲೆಯಲ್ಲಿದ್ದ ಮೆಲುದನಿಯ ಹುಡುಗಿಯನ್ನು ತೋರಿಸಿ, ಅವರ ಮಾತು ಪೂರ್ತಿ ಕೇಳಲೇ ಇಲ್ಲವಲ್ಲ, ಕೇಳೋಣ ಅಂದಳು.

ಸಂಜೆ ಆಯ್ಕೆಯಾದವರ ಸಂಖ್ಯೆ ಕೂಗಿದರು. ಕಾವೇರಿಯ ಸಂಖ್ಯೆ ಇತ್ತು. ವಿಜಯಲಕ್ಷ್ಮಿಯದು ಇರಲಿಲ್ಲ.

ಹಿಂದಿರುಗುವ ರೈಲಿನಲ್ಲಿ ಮೈಲಾರಪ್ಪ ಮೇಲಿನ ಬರ್ತಿನಲ್ಲಿ ನಿದ್ದೆ ಹೋಗಿದ್ದ. ವಿಜಯಲಕ್ಷ್ಮಿ ಕಿಟಕಿಯ ಸರಳಿಗೆ ಹಣೆ ಒತ್ತಿ ಕೂತಿದ್ದಳು.

“ಮೂರ್ಖರನ್ನ ಮೂರ್ಖರು ಆರಿಸ್ಯಾರ,” ಅಂದಳು. ಪಕ್ಕದಲ್ಲಿ ಕೂತವಳೂ ಆಯ್ಕೆಯಾದವಳೇ ಎಂಬುದು ಆಮೇಲೆ ನೆನಪಾಯಿತು.

ಕಾವೇರಿಗೆ ಸಿಟ್ಟು ಬರಲಿಲ್ಲ. “ಒಂದ್ ಮಾತು ಹೇಳ್ಲೇನು ವಿಜಿ? ನೀ ಬೇರೆಯೋರ ಮಾತು ಕೇಳಾಕತ್ತಾಗ ನಿನ್ನ ತುಟಿ ಹಿಂಗ ಆಗತೈತಿ.” ಅವಳು ತನ್ನ ತುಟಿಯ ತುದಿಯನ್ನು ಬೆರಳಿನಿಂದ ಎತ್ತಿ ತೋರಿಸಿದಳು. “ಹೊಲಸು ತುಳದೋರ ಗತೆ. ಅಲ್ಲಿ ಕುಂತಿದ್ದ ಸಾಹೇಬ್ರು ನಿನ್ನ ಮಾತು ಬರಕೊಳ್ಳಲಿಲ್ಲ. ನಿನ್ನ ಮುಖಾನ ನೋಡಾಕತ್ತಿದ್ರು.”

“ನನ್ನ ಮುಖ ನನ್ನಿಷ್ಟ.”

“ಹಡಗಿನ್ಯಾಗ ಬಿಟ್ಟು ಹೋಗಾಕ ಆಗಲ್ಲಲ್ಲ, ಅದೇ ಮುಖ ನೋಡ್ಕೊಂತ ಇರ್ಬೇಕಲ್ಲ ಅವರು,” ಅಂದು ಕಾವೇರಿ ಚುರುಮುರಿ ಪೊಟ್ಟಣ ಬಿಚ್ಚಿದಳು.

ಸುಭಾಷರಂಥ ಸುಳ್ಳು ಮೇಜರ್ ಹೇಳಿದ್ದನ್ನೇ ಈ ಎಮ್ಮೆಯಂಥ ಹುಡುಗಿಯೂ ಹೇಳಿದಳು, ಬಹುಶಃ ಒಳಗೆ ಕೂತಿದ್ದ ಸಾಹೇಬರೂ ಅದನ್ನೇ ಬರೆದುಕೊಂಡಿದ್ದಾರೆ. ವಿಜಯಲಕ್ಷ್ಮಿಗೆ ಮೂವರ ಮೇಲೂ ಕೆಟ್ಟ ಸಿಟ್ಟು ಬಂತು.

ಕಾವೇರಿ ಕೊನೆಯ ಆಯ್ಕೆ ಮಂಡಳಿಯವರೆಗೆ ಹೋಗಿ ಅಲ್ಲಿ ಆಯ್ಕೆಯಾಗದೆ ಬಂದಳು. ಬಂದವಳು ಅತ್ತದ್ದಿಲ್ಲ. ಬ್ಯಾಂಕಿನ ಪರೀಕ್ಷೆ ಬರೆದು, ಬಳ್ಳಾರಿಯಲ್ಲೇ ಗುಮಾಸ್ತೆಯಾಗಿ ಸೇರಿಕೊಂಡು, ಗಾಜಿನ ಹಿಂದೆ ಕೂತು ಬಂದವರಿಗೆಲ್ಲ “ಬರ್ರಿ, ಏನಾಗ್ಬೇಕಾಗಿತ್ರಿ” ಅನ್ನತೊಡಗಿದಳು. ಇಷ್ಟು ಸುಲಭವಾಗಿ ಸೋಲನ್ನು ಮಡಿಚಿಟ್ಟು ಮುಂದೆ ಹೋಗುವವರನ್ನು ಕಂಡರೆ ವಿಜಯಲಕ್ಷ್ಮಿಗೆ ಅಸಹ್ಯವೂ ಆಗುತ್ತಿತ್ತು, ಹೊಟ್ಟೆಕಿಚ್ಚೂ ಆಗುತ್ತಿತ್ತು. ತಾನು ಮಾತ್ರ ಆ ವರ್ಷವೆಲ್ಲ ಸಿರುಗುಪ್ಪದಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ ಹೇಳಿಕೊಟ್ಟಳು, ಆ ಮಕ್ಕಳ ದಡ್ಡತನವನ್ನು ಸಹಿಸಿಕೊಂಡಳು, ಬೆಳಗಾಗೆದ್ದು ಕಾಲುವೆಯ ಏರಿಯ ಮೇಲೆ ಓಡಿದಳು. ಓಡುವುದನ್ನು ನೋಡಿ ನಗುತ್ತಿದ್ದವರಿಗೆ ಉತ್ತರ ಕೊಡುವುದನ್ನೂ ಬಿಟ್ಟಳು. ಮನೆಯಲ್ಲಿ ಕನ್ನಡಿ ಮುಂದೆ ನಿಂತು ದುರುಗಮ್ಮನ ಸುದ್ದಿ ಕೇಳುತ್ತ ತನ್ನ ತುಟಿ ಏನು ಮಾಡುತ್ತದೆಂದು ನೋಡಿದಳು. ಕಾವೇರಿ ಹೇಳಿದ್ದು ನಿಜವಾಗಿತ್ತು. ಅವಳಿಗೆ ತನ್ನ ಮುಖ ಕುರುಗೋಡಿನ ಹನುಮಮ್ಮನ ಹಾಗೆ ಕಂಡಿತು, ಅದು ಎಲ್ಲಕ್ಕಿಂತ ಕೆಟ್ಟದೆನಿಸಿತು.

ಮತ್ತೆ ಅರ್ಜಿ ಹಾಕಿ ಎರಡನೇ ಸಲ ಹುಬ್ಬಳ್ಳಿಯ ಪರೀಕ್ಷೆ ಪಾಸಾದ ಮೇಲೆ ಒಂದು ಮಧ್ಯಾಹ್ನ ಬ್ಯಾಂಕಿಗೆ ಹೋಗಿ, ಊಟದ ಬಿಡುವಿನಲ್ಲಿ ಕಾವೇರಿಯನ್ನು ಹಿಡಿದಳು.

“ಅಷ್ಟು ಜನರ ಮಾತು ಹೆಂಗ ಕೇಳ್ತೀ ನೀನು?”

“ಹೆಂಗ ಅಂದ್ರ? ಕೇಳ್ತೀನಿ ಅಷ್ಟ.”

“ಬ್ಯಾಸರ ಆಗಲ್ಲೇನು?”

“ಆಗತೈತಿ. ಆದ್ರೂ ಕೇಳ್ತೀನಿ,” ಅಂದಳು ಕಾವೇರಿ, ರೊಟ್ಟಿ ಮುರಿದು ಅವಳ ಕಡೆ ಚಾಚುತ್ತ.

ಇದು ಯಾವ ವಿದ್ಯೆಯೂ ಅಲ್ಲವೆಂದು ವಿಜಯಲಕ್ಷ್ಮಿಗೆ ಅನಿಸಿತು. ಆದರೆ ನಟಿಸಬಹುದು ಅನ್ನಿಸಿತು. ಈ ಸಲ ಚೆನ್ನೈಯ ಚರ್ಚೆಯಲ್ಲಿ ಅವಳು ತನ್ನ ಕತೆಯನ್ನು ಎರಡೇ ಮಾತಿನಲ್ಲಿ ಹೇಳಿ, ದುಪಟ್ಟಾದ ತುದಿ ಸುತ್ತುತ್ತ ಕೂತಿದ್ದ ಹುಡುಗಿಯ ಕಡೆ ತಿರುಗಿ, ನೀವು ಏನೋ ಹೇಳಲು ಹೊರಟಿದ್ದಿರಲ್ಲ ಎಂದಳು. ಆ ಹುಡುಗಿ ಹೇಳಿದ್ದು ಕೆಲಸಕ್ಕೆ ಬಾರದ ಮಾತು. ವಿಜಯಲಕ್ಷ್ಮಿ ತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ತಲೆಯಾಡಿಸಿದಳು. ಸಂಜೆ ಅವಳ ಸಂಖ್ಯೆ ಕೂಗಿದರು. ಇಷ್ಟು ಸಣ್ಣ ನಾಟಕಕ್ಕೆ ಮರುಳಾದ ಸಾಹೇಬರ ಬಗ್ಗೆ ಅವಳಿಗಿದ್ದ ಗೌರವ ಸ್ವಲ್ಪ ಇಳಿಯಿತು.

ದೆಹಲಿ ಕಡೆ ನಡೆದ ಕೊನೆಯ ಮಂಡಳಿಯಲ್ಲಿ ಮಾತ್ರ ನಾಟಕ ನಡೆಯಲಿಲ್ಲ. ಸಂದರ್ಶನಕ್ಕೆ ಕೂತಿದ್ದ ಹಿರಿಯ ಅಧಿಕಾರಿ ಅವಳ ಊರಿನ ಹೆಸರನ್ನು ಓದಿ, ನಿಮ್ಮ ಜಿಲ್ಲೆಗೂ ಸಮುದ್ರಕ್ಕೂ ಏನು ಸಂಬಂಧ ಎಂದು ಕೇಳಿದರು. ಸುಭಾಷರ ಅಕಾಡೆಮಿಯಲ್ಲಿ ಇಂಥ ಪ್ರಶ್ನೆಗೆ ಬಾಲ್ಯದ ಕನಸು, ದೇಶಸೇವೆ ಎಂದು ಬಾಯಿಪಾಠ ಮಾಡಿಸುತ್ತಿದ್ದರು.

“ಏನೂ ಸಂಬಂಧ ಇಲ್ಲ ಸರ್. ಅದಕ್ಕೇ ಬಂದೆ.”

“ಅಂದರೆ ಊರಿನಿಂದ ಓಡಿ ಬಂದಿರೋ?”

“ಹೌದು ಸರ್. ಆದರೆ ಓಡಿ ಬಂದವರಿಗೆ ಹಿಂದಕ್ಕೆ ಹೋಗೋ ಜಾಗ ಇರಲ್ಲ. ಹಾಗಾಗಿ ಕೆಲಸ ಚೆನ್ನಾಗಿ ಮಾಡ್ತಾರೆ.”

ಅವರು ನಗಲಿಲ್ಲ. ಮುಂದಿನ ಪ್ರಶ್ನೆಗೆ ಹೋದರು. ವೈದ್ಯಕೀಯ ತಪಾಸಣೆಯೂ ಮುಗಿದು, ಆಯ್ಕೆ ಪಟ್ಟಿಯಲ್ಲಿ ಅವಳ ಹೆಸರು ಕೆಳಗಿನಿಂದ ಹುಡುಕಿದರೆ ಬೇಗ ಸಿಗುವಂಥ ಜಾಗದಲ್ಲಿ ಬಂತು. ಪ್ರಕಟವಾದ ದಿನವೇ ಹನುಮಮ್ಮ ಫೋನು ಮಾಡಿ, “ನಮ್ಮ ಮನಿ ಹುಡುಗಿ ಅಂದ್ರ ಸುಮ್ನೇನಾ,” ಅಂದಳು. ತುಪ್ಪ ದಾಟಿಸಿದ ಕೈ ಇದೇ ಅಲ್ಲವೇ ಎಂದು ಕೇಳಬೇಕೆನಿಸಿದರೂ ವಿಜಯಲಕ್ಷ್ಮಿ ಫೋನನ್ನು ಅಮ್ಮನ ಕೈಗೆ ಕೊಟ್ಟಳು.

ತರಬೇತಿ ಕೇರಳದ ಎಳಿಮಲೆಯಲ್ಲಿ. ಒಂದು ಕಡೆ ಗುಡ್ಡ, ಒಂದು ಕಡೆ ಕಡಲು. ಚೆನ್ನೈಗೆ ಎರಡು ಸಲ ಹೋಗಿದ್ದರೂ ಕಡಲಿನ ಕಡೆ ಹೋಗಿರದಿದ್ದ ಅವಳು ಮೊದಲ ಸಲ ಅದನ್ನು ನೋಡಿದ್ದು ಅಲ್ಲಿಯೇ, ಅದೂ ಓಡುತ್ತಿರುವಾಗ. ನಿಂತು ನೋಡಲು ಬಿಡಲಿಲ್ಲ. ಕವಾಯತು, ಬಂದೂಕು, ನಕ್ಷೆ ಓದುವುದು, ಬೂಟು ಹೊಳೆಸುವುದು, ಯಾವುದರಲ್ಲೂ ಅವಳು ಹಿಂದೆ ಬೀಳಲಿಲ್ಲ. ಹಾಸಿಗೆಯ ಚಾದರ ಸರಿ ಮಡಿಚದೆ ಅಳುವ ಹುಡುಗಿಯರನ್ನು ಕಂಡು, ಮನೆಯಲ್ಲಿ ಅಮ್ಮನೇ ಮಡಿಚುತ್ತಿದ್ದಳೇನೋ ಎಂದು ತಾತ್ಸಾರಪಟ್ಟಳು.

ಈಜುಕೊಳ ಅವಳನ್ನು ಸೋಲಿಸಿತು.

ತುಂಗಭದ್ರೆ ಹರಿಯುವ ಊರಿನವಳಾದರೂ ಅವಳಿಗೆ ಈಜು ಬರುತ್ತಿರಲಿಲ್ಲ. ಕಾಲುವೆಗೆ ಧುಮುಕುವುದು ಗಂಡುಹುಡುಗರ ಪಾಲು. ಹೆಣ್ಣುಮಕ್ಕಳು ದಡದ ಮೇಲೆ ಬಟ್ಟೆ ಹಿಂಡುವವರು. ಎತ್ತರದ ಹಲಗೆಯ ಮೇಲೆ ನಿಂತು ಕೆಳಗಿನ ನೀಲಿ ನೀರನ್ನು ನೋಡಿದಾಗ ಅವಳು ಪಕ್ಕದ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಈಜಿನ ಉಸ್ತಾದ್, ನರೆತ ಮೀಸೆಯ ನಾವಿಕ, ಕೆಳಗಿನಿಂದ ಹಿಂದಿಯಲ್ಲಿ ಕೂಗುತ್ತಿದ್ದ. ಹಿಂದೆ ಸಾಲು ಬೆಳೆಯುತ್ತಿತ್ತು. ಅವಳು ಸರಳನ್ನು ಬಿಡಲಿಲ್ಲ. ಕೊನೆಗೆ ಮೆಟ್ಟಿಲಿಳಿದು ವಾಪಸು ಬಂದಳು, ಇಡೀ ಸಾಲಿನ ಎದುರಿಗೆ. ಕಾರವಾರದ ಕಡೆಯ ಹುಡುಗಿಯೊಬ್ಬಳು, ಮೀನಿನಂತೆ ಈಜುವವಳು, ದಾರಿ ಬಿಟ್ಟು ನಿಂತು ಅವಳನ್ನೇ ನೋಡಿದಳು. ಆ ಹುಡುಗಿಯ ತುಟಿಯ ತುದಿ ಮೇಲೆದ್ದಿತ್ತು.

ಆ ನೋಟ ಮೈಮೇಲೆ ಬಿದ್ದರೆ ಹೇಗಿರುತ್ತದೆ ಎಂದು ವಿಜಯಲಕ್ಷ್ಮಿಗೆ ಅಂದು ತಿಳಿಯಿತು. ಯಾರಾದರೂ ಬೈದರೆ ತಿರುಗಿ ಬೈಯಬಹುದು. ಇದಕ್ಕೆ ತಿರುಗಿಸಿ ಕೊಡಲು ಏನೂ ಇರಲಿಲ್ಲ. ತಾನು ಹುಲುಗೇಶನಿಗೆ ಕೊಟ್ಟದ್ದು ಇದನ್ನೇ, ಟ್ಯೂಷನ್ನಿನ ಮಕ್ಕಳಿಗೆ ಕೊಟ್ಟದ್ದೂ ಇದನ್ನೇ. ಪಶ್ಚಾತ್ತಾಪವೇನೂ ಆಗಲಿಲ್ಲ, ಹುಲುಗೇಶ ಅದಕ್ಕೆ ತಕ್ಕವನೇ ಎಂದು ಆಗಲೂ ಅವಳಿಗೆ ಅನಿಸಿತು. ಆದರೆ ತಾನು ತಕ್ಕವಳಲ್ಲ.

ಈಜು ಬರದೆ ತರಬೇತಿ ಮುಗಿಸಲಾಗದು. ಸಂಜೆಯ ಬಿಡುವಿನಲ್ಲಿ, ಬಾಯಿಗೆ ಬೇವು ಹಾಕಿಕೊಂಡವಳ ಹಾಗೆ, ಅವಳು ಕಾರವಾರದ ಹುಡುಗಿಯ ಹತ್ತಿರ ಹೋದಳು.

“ನನಗೆ ಕಲಿಸ್ತೀಯಾ?”

ಆ ಹುಡುಗಿ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. “ಕಲಿಸ್ತೆ. ಆದ್ರೆ ನೀನು ನೀರಿನ ಮೇಲೂ ಸಿಟ್ಟು ಮಾಡ್ಕಂಡೇ ಇಳಿತೆ. ನೀರಿಗೆ ನೀನು ಯಾರು ಅಂತ ಗೊತ್ತಿಲ್ಲ ಮಾರಾಯ್ತಿ.”

ಕಲಿಕೆ ಅವಮಾನದ್ದೇ ಆಗಿತ್ತು. ಮೂಗಿನಲ್ಲಿ ನೀರು ಹೋಗುವುದು, ಕೆಮ್ಮುವುದು, ಕೂಸಿಗೆ ಅಂಬೆಗಾಲಿಡಲು ಕಲಿಸುವಂತೆ ಹೊಟ್ಟೆಯ ಕೆಳಗೆ ಕೈ ಕೊಟ್ಟು ಹಿಡಿಸಿಕೊಳ್ಳುವುದು. ಒಂದು ಸಂಜೆ ಆ ಹುಡುಗಿ ಹೇಳದೆ ಕೈ ತೆಗೆದಳು. ವಿಜಯಲಕ್ಷ್ಮಿ ಮುಳುಗಲಿಲ್ಲ. ಮುಂದಿನ ವಾರ ಎತ್ತರದ ಹಲಗೆಯಿಂದ ಕಣ್ಣು ಮುಚ್ಚಿ ಹಾರಿದಳು, ಹೊಟ್ಟೆ ಬಡಿದು ಕೆಂಪಾಗಿ ಮೇಲೆ ಬಂದಳು. ಉಸ್ತಾದ್, “ಕಪ್ಪೆಯ ಹಾಗೆ ಬಿದ್ದೆ, ಆದರೂ ಪಾಸು,” ಅಂದ. ಅವನ ಮಾತಿಗೆ ಸಿಟ್ಟು ಬರಲಿಲ್ಲ. ಅವನು ಹೇಳಿದ್ದು ಸರಿಯಾಗಿತ್ತು.

ತರಬೇತಿ ಹಡಗಿನಲ್ಲಿ ಕಡಲಿಗೆ ಕರೆದೊಯ್ದಾಗ ಸುಭಾಷರು ಹೇಳಿದ್ದೂ ನಿಜವಾಯಿತು, ಅವಳು ಕರುಳೇ ಹೊರಬರುವಂತೆ ವಾಂತಿ ಮಾಡಿಕೊಂಡಳು. ಗಂಡುಹುಡುಗರೂ ಮಾಡಿಕೊಂಡರು. ಕಾರವಾರದ ಹುಡುಗಿಯೂ ಬಕೆಟ್ಟು ತಬ್ಬಿ ಕೂತದ್ದನ್ನು ನೋಡಿ ವಿಜಯಲಕ್ಷ್ಮಿಗೆ ಆ ಸಂಕಟದಲ್ಲೂ ಖುಷಿಯಾಯಿತು. ಅವಳ ಬೆನ್ನು ನೀವಿ, ಬಾಯಿ ತೊಳೆಯಲು ನೀರು ಕೊಟ್ಟಳು. ಖುಷಿ ಹಾಗೇ ಇತ್ತು.

ತರಬೇತಿ ಮುಗಿದ ಪಥಸಂಚಲನದ ದಿನ ಮೈಲಾರಪ್ಪ, ದುರುಗಮ್ಮ ಬಂದರು. ಬಿಳಿ ಸಮವಸ್ತ್ರದಲ್ಲಿ ಎದುರು ನಿಂತ ಮಗಳನ್ನು ನೋಡಿ ದುರುಗಮ್ಮ, “ಎಷ್ಟು ಕರ‍್ರಗಾಗೀಯೆ,” ಅಂದಳು. ಸಮವಸ್ತ್ರದ ಭುಜದ ಹೊಲಿಗೆಯನ್ನು ಬೆರಳಿನಿಂದ ಸವರಿ, ಹೊಲಿದವನು ಕೆಲಸ ಬಲ್ಲವನು ಎಂದೂ ಹೇಳಿದಳು. ಅದು ಅವಳು ಕೊಡಬಹುದಾದ ದೊಡ್ಡ ಮೆಚ್ಚುಗೆ.

ರಜೆಗೆ ಊರಿಗೆ ಬಂದಾಗ ಬಳ್ಳಾರಿಯ ರಸ್ತೆಯಲ್ಲಿ ಫ್ಲೆಕ್ಸು ನಿಂತಿದ್ದವು. ಮಧ್ಯದಲ್ಲಿ ಸುಭಾಷ್, ಕೆಂಪು ಟೋಪಿ ಹಾಕಿ. ಮೂಲೆಯಲ್ಲಿ ವಿಜಯಲಕ್ಷ್ಮಿ, ಅರ್ಧದಷ್ಟು. ನಮ್ಮ ಅಕಾಡೆಮಿಯ ಕಡಲ ಹುಲಿ ಎಂದು ಬರೆಸಿದ್ದರು. ಸನ್ಮಾನಕ್ಕೆ ಕರೆಯಲು ಅವರು ಸಿರುಗುಪ್ಪಕ್ಕೇ ಬಂದರು. ಬರುವುದಿಲ್ಲ ಎನ್ನಲು ಬಾಯಿ ತೆರೆದವಳು, ವೇದಿಕೆಯ ಮೇಲೇ ಹೇಳುವುದು ಒಳ್ಳೆಯದೆಂದುಕೊಂಡು ಒಪ್ಪಿದಳು.

ಸಭಾಂಗಣ ತುಂಬಿತ್ತು. ಶಾಲು, ಪೇಟ, ಹಣ್ಣಿನ ಬುಟ್ಟಿ ಮುಗಿದ ಮೇಲೆ ಮೈಕು ಅವಳ ಕೈಗೆ ಬಂತು.

“ಸುಭಾಷ್ ಸಾರು ನನಗ ಏನೂ ಕಲಿಸಿಲ್ಲ,” ಅಂದಳು. “ಅವರು ಸಮುದ್ರ ನೋಡಿಲ್ಲ, ಸೇನೆ ನೋಡಿಲ್ಲ. ಅಕಾಡೆಮಿ ಗೋಡಿ ಮ್ಯಾಲ ನೌಕಾಪಡಿ ಅಂತ ಹಾಕಿರೋದು ಪ್ರವಾಸಿಗರ ಹಡಗು. ನೀವು ಓದೋದಾದ್ರ ನೀವೇ ಓದಿಕೊಳ್ರಿ.”

ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಸುಭಾಷ್. ತಲೆ ಹಿಂದಕ್ಕೆ ಹಾಕಿ ನಗುತ್ತ, ಮೈಕು ಕಿತ್ತುಕೊಂಡು, “ನೋಡ್ರಿ, ಆಫೀಸರ್ ಅಂದ್ರ ಹಿಂಗ ಇರ್ಬೇಕು. ಇದೇ ಧೈರ್ಯ ನಾವು ಹೇಳಿಕೊಡೋದು,” ಅಂದರು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿದ್ದ ಪಾಲಕರು ತಟ್ಟಿದರು, ಹನುಮಮ್ಮ ತಟ್ಟಿದಳು, ಹುಲುಗೇಶ ಅದನ್ನು ವಿಡಿಯೋ ಮಾಡಿಕೊಂಡ. ಅವಳ ಮಾತು ಅಲ್ಲಿ ಯಾರ ಮೈಗೂ ಅಂಟಲಿಲ್ಲ. ಮರುವಾರ ಅಕಾಡೆಮಿಯಲ್ಲಿ ಹುಡುಗಿಯರ ಹೊಸ ಬ್ಯಾಚು ಶುರುವಾಯಿತೆಂದು ಕಾವೇರಿ ಫೋನಿನಲ್ಲಿ ಹೇಳಿ ಬಹಳ ಹೊತ್ತು ನಕ್ಕಳು.

ವಿಜಯಲಕ್ಷ್ಮಿಗೆ ಮೊದಲ ಹುದ್ದೆ ಪಶ್ಚಿಮ ಕರಾವಳಿಯ ಒಂದು ಠಾಣೆಯಲ್ಲಿ, ಹಡಗಿನ ಮೇಲಲ್ಲ, ದಡದ ಕಾರ್ಯಾಚರಣೆ ಕೋಣೆಯಲ್ಲಿ. ರೇಡಿಯೋ, ಪರದೆಗಳು, ನಕ್ಷೆ, ಒಂದು ತಿರುಗುವ ಕುರ್ಚಿ. ಹುಲುಗೇಶ ಒಮ್ಮೆ ಫೋನು ಮಾಡಿ, “ನಿನ್ನ ಕೈಯಾಗ ಹಡಗು ಎಷ್ಟು ಅದಾವ?” ಎಂದು ಕೇಳಿದ. “ಒಂದೂ ಇಲ್ಲ. ಕುರ್ಚಿ ಐತಿ,” ಅಂದಳು. ಅವನಿಗೆ ಆದ ಸಂತೋಷ ಫೋನಿನಲ್ಲೇ ಕೇಳಿಸಿತು.

ಮಳೆಗಾಲ ಮುಗಿದು ಮೀನುಗಾರಿಕೆ ಶುರುವಾದ ಮೇಲೆ ಒಂದು ಮಧ್ಯಾಹ್ನ ರೇಡಿಯೋದಲ್ಲಿ ಕರೆ ಬಂತು. ಮೀನುಗಾರರ ದೋಣಿಯೊಂದರ ಎಂಜಿನ್ ನಿಂತಿದೆ, ಅಡಿಯಲ್ಲಿ ನೀರು ಬರುತ್ತಿದೆ, ಗಾಳಿ ಏಳುತ್ತಿದೆ. ಮಾತಾಡುತ್ತಿದ್ದವನು ದೋಣಿಯ ತಾಂಡೇಲ, ಅಂದರೆ ನಡೆಸುವವನು. ಅವಳ ದನಿ ಕೇಳಿದ್ದೇ ಅವನು ರೇಗಿದ.

“ಅಲ್ಲಿ ಗಂಡಸರು ಯಾರಾದ್ರೂ ಉಂಟಾ? ಅವರಿಗೆ ಕೊಡಿ.”

“ನಾನೇ ಇರೋದು. ನಿಮ್ಮ ಜಾಗ ಹೇಳಿ.”

ಅವನು ಜಾಗ ಹೇಳಲಿಲ್ಲ. ಎಂಜಿನ್ ರಿಪೇರಿ ಮಾಡಿದವನನ್ನು ಬೈದ, ದೋಣಿಯ ಮಾಲೀಕನನ್ನು ಬೈದ, ಸರಕಾರವನ್ನು ಬೈದ, ಕೊನೆಗೆ ಹೆಂಗಸರನ್ನು ಇಂಥ ಕಡೆ ಕೂರಿಸುವವರನ್ನೂ ಬೈದ. ಜಿಪಿಎಸ್ ಕೆಟ್ಟಿತ್ತು. ಬೆಳಗ್ಗೆ ಎಲ್ಲಿಂದ ಹೊರಟ, ಯಾವ ದಿಕ್ಕಿಗೆ ಎಷ್ಟು ಹೊತ್ತು ಹೋದ, ಬಲೆ ಎಲ್ಲಿ ಬಿಟ್ಟ, ದೀಪಸ್ತಂಭ ಯಾವಾಗ ಕಣ್ಮರೆಯಾಯಿತು, ಎಲ್ಲವೂ ಆ ಬೈಗುಳದ ನಡುವೆ ಚೂರು ಚೂರಾಗಿ ಬರುತ್ತಿತ್ತು. ವಿಜಯಲಕ್ಷ್ಮಿ ಅವನನ್ನು ತಡೆಯಲಿಲ್ಲ. ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು ಪ್ರತಿ ಮಾತನ್ನೂ ಕೇಳಿದಳು, ನಕ್ಷೆಯ ಮೇಲೆ ಗೆರೆ ಎಳೆದಳು, ಅಳಿಸಿದಳು, ಮತ್ತೆ ಎಳೆದಳು.

“ಎಂಥ ಬಾಯಿಬಡುಕ. ಇವನನ್ನು ಕಡಲೇ ಇಟ್ಟುಕೊಳ್ಳಲಿ,” ಎಂದು ಪಕ್ಕದ ಮೇಜಿನ ನಾವಿಕನಿಗೆ ಹೇಳಿದಳು. ಹೇಳುತ್ತಲೇ ಕೊನೆಯ ಗೆರೆಯನ್ನು ಇನ್ನಷ್ಟು ಪಶ್ಚಿಮಕ್ಕೆ ಸರಿಸಿ, ಹತ್ತಿರದಲ್ಲಿದ್ದ ಗಸ್ತು ಹಡಗಿಗೆ ಆ ಜಾಗವನ್ನು ಕೊಟ್ಟಳು.

ಹಡಗು ಸಂಜೆಯೊಳಗೆ ದೋಣಿಯನ್ನು ಕಂಡಿತು. ಎಲ್ಲರೂ ಬದುಕಿದ್ದರು. ತಾಂಡೇಲನನ್ನು ಹಗ್ಗದಿಂದ ಮೇಲೆ ಎಳೆದುಕೊಂಡಾಗ ಅವನು ಮೊದಲು ಕೇಳಿದ್ದು ತನ್ನ ಬಲೆಯನ್ನು ಯಾರು ತರುತ್ತಾರೆ ಎಂದು. ವಿಜಯಲಕ್ಷ್ಮಿ ಈ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿ, ಹೆಡ್‌ಫೋನು ತೆಗೆದಿಟ್ಟು, ತಣ್ಣಗಾದ ಚಹಾ ಕುಡಿದಳು.